ಬ್ಯಾಟರಿ ಬೇಡದ ಬಾಂಬ್ ಶೋಧಕ: ಒಂದು ತಜ್ಞ ವರದಿ

ಭದ್ರತಾ ತಪಾಸಣೆಯ ಯಂತ್ರ ಕಂಡ ಕೂಡಲೇ ಸಾರ್ವಜನಿಕರು ಕೇಳುವ ಪ್ರಶ್ನೆ ಒಂದೇ: ‘ಇದು ಏನನ್ನಾದರೂ ಹಿಡಿಯುತ್ತದೆಯೇ?’ ಈ ಕ್ಷೇತ್ರದಲ್ಲಿ ಪಳಗಿದ ನಮ್ಮಂಥವರು ಇಂಥ ಬಾಲಿಶ ಪ್ರಶ್ನೆ ಕೇಳುವುದಿಲ್ಲ. ಯಂತ್ರ ಎಷ್ಟು ದೂರದಿಂದ ಕಾಣುತ್ತದೆ, ಅದರ ಮುಂದೆ ಎಷ್ಟು ಉದ್ದದ ಸಾಲು ನಿಲ್ಲುತ್ತದೆ, ಬಿಲ್ಲು ಯಾವ ಖಾತೆಯಿಂದ ಪಾಸಾಗುತ್ತದೆ ಎಂಬುವೇ ನಮ್ಮ ಮಾನದಂಡಗಳು.

ಮೊದಲು ನಮ್ಮ ಮಾಲ್, ಚಿತ್ರಮಂದಿರಗಳ ಬಾಗಿಲಲ್ಲಿ ನಿಂತ ಲೋಹಶೋಧಕ ಚೌಕಟ್ಟನ್ನೇ ನೋಡಿ. ಇದರ ದೊಡ್ಡ ದೋಷವೆಂದರೆ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಒಳಗಿನ ಸುರುಳಿಗಳು ಕಾಂತಕ್ಷೇತ್ರ ಹುಟ್ಟಿಸುತ್ತವೆ; ಲೋಹ ಅಡ್ಡ ಬಂದರೆ ಅದರಲ್ಲಿ ಸುಳಿವಿದ್ಯುತ್ ಹರಿದು ಕ್ಷೇತ್ರ ಕದಡುತ್ತದೆ, ಯಂತ್ರ ಕೂಗುತ್ತದೆ. ಕೀಲಿಗೊಂಚಲಿಗೂ ಕೂಗುತ್ತದೆ, ಬೆಲ್ಟಿನ ಬಕಲ್ಲಿಗೂ, ಸ್ಟೀಲ್ ಡಬ್ಬಿಗೂ ಕೂಗುತ್ತದೆ. ಸ್ಫೋಟಕ ಲೋಹವಲ್ಲವಾದ್ದರಿಂದ ಅದರ ಬಗ್ಗೆ ಮಾತ್ರ ಯಂತ್ರಕ್ಕೆ ಯಾವ ಅಭಿಪ್ರಾಯವೂ ಇಲ್ಲ. ಸಂಜೆ ಹೊತ್ತಿಗೆ ಕೂಗು ಕೇಳಿ ಕೇಳಿ ಕಾವಲುಗಾರ ತಲೆಯೆತ್ತುವುದನ್ನೂ ಬಿಟ್ಟು ‘ನಡೀರಿ, ನಡೀರಿ’ ಎನ್ನುತ್ತಾನೆ. ವಾಹನ ವಿಭಾಗದ ತಪಾಸಣೆ ಇನ್ನೂ ಕಟ್ಟುನಿಟ್ಟು: ಕಾರಿನಡಿಗೆ ಕನ್ನಡಿ ತೂರಿಸಿ ಮಾಲೀಕರ ಮುಖ ನೋಡುತ್ತಾರೆ; ಡಿಕ್ಕಿ ತೆರೆಸಿ, ಕಾರಿಗೆ ಡಿಕ್ಕಿ ಇದೆಯೆಂದು ಖಚಿತಪಡಿಸಿಕೊಂಡು ಮುಚ್ಚುತ್ತಾರೆ.

ಇಂಥ ಮಿತಿಗಳನ್ನೆಲ್ಲ ಒಂದೇ ಏಟಿಗೆ ದಾಟಿದ ಸಾಧನ ಎಡಿಇ 651. ಇಂಗ್ಲೆಂಡಿನ ಜೇಮ್ಸ್ ಮ್ಯಾಕ್‌ಕಾರ್ಮಿಕ್ ಮಾರಿದ ಈ ಯಂತ್ರದಲ್ಲಿ ಒಂದು ಪ್ಲಾಸ್ಟಿಕ್ ಹಿಡಿ, ಅದಕ್ಕೆ ಅತ್ತಿತ್ತ ತಿರುಗುವ ಒಂದು ಆಂಟೆನಾ. ಅಷ್ಟೇ. ಬ್ಯಾಟರಿ ಇಲ್ಲ, ಹಾಗಾಗಿ ಬ್ಯಾಟರಿ ಮುಗಿಯುವ ತಾಪತ್ರಯವೂ ಇಲ್ಲ. ಹಿಡಿದವನ ಮೈಯ ಸ್ಥಾಯೀವಿದ್ಯುತ್ತೇ ಸಾಕೆಂದು ಕಂಪನಿ ಹೇಳಿತ್ತು. ನೆಲದ ಮೇಲೆ 1 ಕಿ.ಮೀ. ದೂರದಿಂದ, ವಿಮಾನದಲ್ಲಿ ಕೂತರೆ 5 ಕಿ.ಮೀ. ಎತ್ತರದಿಂದ ಬಾಂಬ್ ಪತ್ತೆಯಾಗುತ್ತದಂತೆ. ಬಾಂಬ್ ಬೇಡವೆಂದರೆ ಯಂತ್ರದ ಜೊತೆ ಬರುವ ಕಾರ್ಡ್ ಬದಲಿಸಿ, ಮಾದಕವಸ್ತು ಹುಡುಕಬಹುದು. ಇನ್ನೊಂದು ಕಾರ್ಡ್ ಹಾಕಿದರೆ ಆನೆದಂತ. ಕೇಂಬ್ರಿಡ್ಜ್‌ನ ಮಾರ್ಕುಸ್ ಕೂನ್ ಆ ಕಾರ್ಡನ್ನು ಪರೀಕ್ಷಿಸಿದಾಗ ಒಳಗಿದ್ದದ್ದು ಅಂಗಡಿಗಳಲ್ಲಿ ಕಳ್ಳತನ ತಡೆಯಲು ಬಟ್ಟೆಗೆ ಅಂಟಿಸುವಂಥ ಅಗ್ಗದ ಪಟ್ಟಿ. ವಿಶ್ವವಿದ್ಯಾಲಯದವರು ಹೀಗೆಯೇ, ಬಿಚ್ಚಿ ನೋಡುವ ಚಾಳಿ.

ಈ ಯಂತ್ರದ ವಂಶಾವಳಿಯೂ ಘನವಾದದ್ದು. ಮೂಲಪುರುಷ, ಅಮೆರಿಕದಲ್ಲಿ ಸುಮಾರು 20 ಡಾಲರಿಗೆ ಸಿಗುತ್ತಿದ್ದ, ಕಳೆದುಹೋದ ಗಾಲ್ಫ್ ಚೆಂಡು ಹುಡುಕುವ ಆಟಿಕೆ. ಅದೂ ಚೆಂಡು ಹುಡುಕುತ್ತಿರಲಿಲ್ಲ. ಇರಾಕಿನ ಸರ್ಕಾರ ಅದರ ಈ ವಂಶಜನಿಗೆ ಒಂದೊಂದಕ್ಕೂ ಹತ್ತಾರು ಸಾವಿರ ಡಾಲರ್‌ವರೆಗೆ, ಒಟ್ಟಾರೆ 8 ಕೋಟಿ ಡಾಲರಿಗೂ ಹೆಚ್ಚು ಕೊಟ್ಟಿತೆಂದು ವರದಿಯಾಯಿತು. ಬಗ್ದಾದಿನ ಚೆಕ್‌ಪೋಸ್ಟ್‌ಗಳಲ್ಲಿ ಪೊಲೀಸರು ಅದನ್ನು ಹಿಡಿದು ಸಾಲು ಕಾರುಗಳ ಪಕ್ಕ ಗಂಭೀರವಾಗಿ ನಡೆದಾಡಿದರು. ಆಂಟೆನಾ ಸುಮ್ಮಸುಮ್ಮನೆ ವಾಲಿದರೆ ಕಾರಣ ಸಿದ್ಧವಿತ್ತು: ಚಾಲಕ ಸುಗಂಧ ಪೂಸಿಕೊಂಡಿದ್ದಾನೆ, ಇಲ್ಲವೇ ಹಲ್ಲಿಗೆ ಚಿನ್ನ ತುಂಬಿಸಿಕೊಂಡಿದ್ದಾನೆ.

ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ, ಕಾಯಿ ಎದ್ದು ನಿಂತಲ್ಲಿ ಬೋರ್‌ವೆಲ್ ಪಾಯಿಂಟ್ ತೋರಿಸುವವರನ್ನು ನೀವು ಬಲ್ಲಿರಿ. ತತ್ವ ಅದೇ: ಹಿಡಿದವನ ಕೈ ಅವನಿಗೇ ತಿಳಿಯದಂತೆ ವಾಲುತ್ತದೆ, ಯಂತ್ರ ತಿರುಗುತ್ತದೆ. ನಮ್ಮವರು ಮಾಡಿದ ತಪ್ಪು ಒಂದೇ, ಬ್ರೋಷರ್ ಮುದ್ರಿಸಲಿಲ್ಲ. (ನೀರು ಬೀಳದಿದ್ದರೆ ಸಾಲ ಮಾಡಿದ ರೈತ ಮುಳುಗುತ್ತಾನೆ, ಅದು ಬೇರೆ ವಿಷಯ, ಟೆಂಡರಿನಲ್ಲಿ ಅದಕ್ಕೆ ಕಾಲಂ ಇಲ್ಲ.)

ಥಾಯ್ಲೆಂಡಿನವರು ಮಾತ್ರ ಆತುರಪಟ್ಟರು. ಎಡಿಇ 651ರ ಸೋದರ ಸಂಬಂಧಿ ಜಿಟಿ 200 ಅನ್ನು ಕೊಂಡು ವರ್ಷಗಳಾದ ಮೇಲೆ, 2010ರಲ್ಲಿ, ಪರೀಕ್ಷೆಗೇ ಇಟ್ಟುಬಿಟ್ಟರು. 20 ಸಲ ಬಚ್ಚಿಟ್ಟದ್ದನ್ನು 4 ಸಲ ಸರಿಯಾಗಿ ತೋರಿಸಿತು. ಕೊಳ್ಳುವ ಮೊದಲು ಪರೀಕ್ಷಿಸಿದ್ದರೆ ಮಾರಾಟವೇ ನಡೆಯುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಖರೀದಿ ಮುಂದೆ, ಪರೀಕ್ಷೆ ಹಿಂದೆ ಎಂಬ ಕ್ರಮ ಉದ್ಯಮಕ್ಕೆ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅದೇ ವರ್ಷ ಬ್ರಿಟನ್ ಎಡಿಇ 651ರ ರಫ್ತನ್ನು ನಿಷೇಧಿಸಿತು, ಇರಾಕ್ ಮತ್ತು ಅಫ್ಘಾನಿಸ್ತಾನಕ್ಕೆ ಮಾತ್ರ. ಉಳಿದ ದೇಶಗಳು ತಮ್ಮ ತಮ್ಮ ಅದೃಷ್ಟ ನೋಡಿಕೊಳ್ಳಬೇಕಿತ್ತು.

ಇರಾಕಿನ ಬಾಂಬ್ ನಿಗ್ರಹ ವಿಭಾಗದ ಮುಖ್ಯಸ್ಥ ಮೇಜರ್ ಜನರಲ್ ಜಿಹಾದ್ ಅಲ್ ಜಾಬಿರಿ, ಇದು ಮಾಟವೋ ವಿಜ್ಞಾನವೋ ನನಗೆ ಬೇಡ, ಬಾಂಬ್ ಹಿಡಿದರೆ ಸಾಕು ಎಂಬರ್ಥದ ಮಾತಾಡಿದ್ದರು. ಮುಂದೆ ಭ್ರಷ್ಟಾಚಾರದ ಆರೋಪದ ಮೇಲೆ ಅವರೇ ಸಿಕ್ಕಿಬಿದ್ದರು. ಅವರನ್ನು ಹಿಡಿದದ್ದು ಯಂತ್ರವಲ್ಲ.

ಲಂಡನ್ನಿನ ನ್ಯಾಯಾಲಯ 2013ರ ಮೇನಲ್ಲಿ ಮ್ಯಾಕ್‌ಕಾರ್ಮಿಕ್‌ಗೆ 10 ವರ್ಷ ಶಿಕ್ಷೆ ವಿಧಿಸಿತು. ಯಂತ್ರಕ್ಕೆ ಯಾರೂ ಶಿಕ್ಷೆ ವಿಧಿಸಲಿಲ್ಲ. ಅದು ಬಗ್ದಾದಿನಲ್ಲಿ ಎಂದಿನಂತೆ ಡ್ಯೂಟಿಗೆ ಹಾಜರಾಗುತ್ತಿತ್ತು. 2016ರ ಜುಲೈ 3ರಂದು ಅಲ್ಲಿನ ಕರ್ರಾದಾ ಬಡಾವಣೆಯಲ್ಲಿ, ರಂಜಾನ್ ಖರೀದಿಯ ಜನಜಂಗುಳಿಯ ನಡುವೆ ವಾಹನವೊಂದು ಸ್ಫೋಟಿಸಿ 300ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಪ್ರಧಾನಿ ಹೈದರ್ ಅಲ್ ಅಬಾದಿ ಆ ಯಂತ್ರಗಳನ್ನು ಹಿಂತೆಗೆದುಕೊಳ್ಳಲು ಆದೇಶಿಸಿದರು. ಮಾರಿದವನಿಗೆ ಶಿಕ್ಷೆಯಾಗಿ ಆಗಲೇ ಮೂರು ವರ್ಷ ದಾಟಿತ್ತು.