ರೀಲ್ ಮಾಡುವ ಡಾಕ್ಟರರಿಗೆ ಜ್ಯೂಸ್ ಡಬ್ಬಿಯ ಬಹಿರಂಗ ಪತ್ರ

ಮಾನ್ಯ ಡಾಕ್ಟರರೇ,

ಮೆಡಿಕಲ್ ಶಾಪಿನ ಕೌಂಟರಿನಿಂದ ಇಳಿದು ಗೋದಾಮಿನ ಮೂಲೆ ಸೇರಿರುವ ಜ್ಯೂಸ್ ಡಬ್ಬಿ ಮಾಡುವ ವಿಜ್ಞಾಪನೆಗಳು.

ನನ್ನ ಎದೆಯ ಮೇಲೆ ‘ಓಆರ್‌ಎಸ್’ ಎಂಬ ಮೂರಕ್ಷರವಿದ್ದ ಕಾಲವೊಂದಿತ್ತು. ಮಗುವಿಗೆ ವಾಂತಿಭೇದಿ ಶುರುವಾದರೆ ತಾಯಂದಿರು ನನ್ನನ್ನೇ ಕೇಳಿ ಒಯ್ಯುತ್ತಿದ್ದರು. ನಿಮ್ಮ ಮೊಬೈಲ್ ಚಟದಿಂದ ಆ ಬಿರುದು ಹೋಯಿತು. ಹೊಟ್ಟೆ ಕೆಟ್ಟವರನ್ನೇ ನಂಬಿ ಬದುಕಿದ್ದ ನನ್ನ ಹೊಟ್ಟೆಯ ಮೇಲೇ ಹೊಡೆದಿರಿ.

ನಾನು ಮಾಡಿದ ತಪ್ಪಾದರೂ ಏನು? ಒಂದಿಷ್ಟು ಸಿಹಿ ಹೆಚ್ಚಾಯಿತು, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಓಆರ್‌ಎಸ್ ಎಂದರೆ ಲೀಟರ್ ನೀರಿಗೆ 13.5 ಗ್ರಾಂ ಗ್ಲುಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಇನ್ನೆರಡು ಲವಣ. ನಮ್ಮ ಬಳಗದ ಕೆಲವರಲ್ಲಿ ಸಕ್ಕರೆಯೇ 100 ಗ್ರಾಂ ದಾಟಿತ್ತು. ಸಕ್ಕರೆ ಅತಿಯಾದರೆ ಕರುಳು ಮೈಯ ನೀರನ್ನೇ ಎಳೆದುಕೊಂಡು ಭೇದಿ ಇನ್ನಷ್ಟು ಹೆಚ್ಚುತ್ತದಂತೆ. ಇರಬಹುದು. ಹಾಗೆಂದು ಪಾನಕಕ್ಕೆ ಬೆಲ್ಲ ಅಳೆದು ಹಾಕುವ ಜಿಪುಣತನ ನಮ್ಮ ಮನೆತನದಲ್ಲಿಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರಕ್ಕೆ ನನ್ನ ಕಷ್ಟ ಅರ್ಥವಾಗಿತ್ತು. 2022ರ ಏಪ್ರಿಲ್‌ನಲ್ಲಿ ಆ ಹೆಸರು ಬೇಡವೆಂದರು. ಜುಲೈನಲ್ಲಿ ಮನಸ್ಸು ಕರಗಿ, ‘ಇದು ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್ ಅಲ್ಲ’ ಎಂದು ಡಬ್ಬಿಯ ಮೇಲೆ ಬರೆದುಕೊಂಡರೆ ಸಾಕೆಂದರು. ಹೆಸರು ಓಆರ್‌ಎಸ್, ಒಕ್ಕಣೆ ‘ಓಆರ್‌ಎಸ್ ಅಲ್ಲ’! ಇಂಥ ಅದ್ವೈತವನ್ನು ಬೇರಾವ ದೇಶದ ಕಚೇರಿ ಸಾಧಿಸೀತು? ಆದರೆ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಬಿಡಲಿಲ್ಲ. ಎಂಟು ವರ್ಷ ಅದೇ ಮಾತು: ವಿಡಿಯೊದಲ್ಲಿ, ಅರ್ಜಿಯಲ್ಲಿ, ಹೈಕೋರ್ಟಿನಲ್ಲಿ. 2025ರ ಅಕ್ಟೋಬರ್ 14ರಂದು ಪ್ರಾಧಿಕಾರ ನನ್ನ ಮೂರಕ್ಷರ ಕಿತ್ತುಕೊಂಡಿತು.

ಡಾಕ್ಟರರೇ, ನಿಮ್ಮ ಹಿರಿಯರನ್ನು ನೋಡಿ ಕಲಿಯಿರಿ. ಸಂಶೋಧನೆ ಇಂಗ್ಲಿಷ್ ಜರ್ನಲಿನಲ್ಲಿ, ಅದೂ ಚಂದಾ ಕಟ್ಟಿದವರಿಗೆ. ಸರ್ಕಾರಿ ಆದೇಶ ಫೈಲಿನಲ್ಲಿ. ಔಷಧಿ ಚೀಟಿ ನಿಮ್ಮದೇ ಕೈಬರಹದಲ್ಲಿ. ಮೂರನ್ನೂ ಯಾರೂ ಓದಲಾರರು. ಈ ಮೂರು ಸುತ್ತಿನ ಕೋಟೆಯೊಳಗೆ ನಾನೆಷ್ಟು ನೆಮ್ಮದಿಯಾಗಿದ್ದೆ! ನೀವೋ, ಒಂದೇ ನಿಮಿಷದಲ್ಲಿ, ಅಡುಗೆಮನೆಯ ಮಾತಿನಲ್ಲಿ ಎಲ್ಲವನ್ನೂ ಬಯಲು ಮಾಡುತ್ತೀರಿ.

ರೀಲ್ ಮಾಡಲೇಬೇಕೆಂದಿದ್ದರೆ ಬಿಳಿ ಕೋಟು ತೊಟ್ಟು ಕೂದಲು ಬೆಳೆಸುವ ಎಣ್ಣೆ ಮಾರುವ ನಿಮ್ಮ ಸಹೋದ್ಯೋಗಿಗಳನ್ನು ನೋಡಿ. ಅವರು ನನ್ನ ಒಡಹುಟ್ಟಿದವರಂತೆ. ಲೈಕು, ಫಾಲೋವರುಗಳನ್ನು ದುಡ್ಡು ಕೊಟ್ಟು ಕೊಳ್ಳಬೇಡಿ ಎಂಬ ನಿಯಮವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ತಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಆ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿದರು. ದೇವರು ದೊಡ್ಡವನು.

ಜನರಿಗೆ ನೇರವಾಗಿ ಹೇಳಿಬಿಡುವ ನಿಮ್ಮ ಈ ಚಾಳಿ ಇಂದಿನದಲ್ಲ, ಬಲ್ಲೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಿದರು. ಸುಮ್ಮನಿದ್ದರೇ? ಗಡಿಯುದ್ದಕ್ಕೂ ಕರಪತ್ರ ಹಂಚಿಸಿದರು. ಗುಪ್ತ ರೇಡಿಯೊದಲ್ಲಿ ಬೆರಕೆಯ ವಿಧಾನ ಬಿತ್ತರವಾಯಿತು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಜರ್ನಲಿನಲ್ಲಿ ಲೇಖನ ಬಂದದ್ದು ಎರಡು ವರ್ಷ ಬಿಟ್ಟು, 1973ರಲ್ಲಿ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಬಾರದಿತ್ತೇ?

ಆದ್ದರಿಂದ ಕೈಮುಗಿದು ಕೇಳುತ್ತೇನೆ, ಮೊಬೈಲ್ ಕೆಳಗಿಡಿ.

ಇತಿ,
ಹೆಸರು ಕಳೆದುಕೊಂಡ ಡಬ್ಬಿ

ತಾ.ಕ.: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಓಆರ್‌ಎಸ್ ಪೊಟ್ಟಣ ಸಿಗದ ಹೊತ್ತಿಗೆ ಇದೂ ಆದೀತು. ಇದನ್ನು ಮಾತ್ರ ಯಾರಿಗೂ ಹೇಳಬೇಡಿ.