ಸರ್ವೆ ಮಾವ

ತಿಪಟೂರಿನ ಕಡೆ ಯಾವ ಊರಿಗಾದರೂ ಹೋಗಿ, ಚುನಾವಣೆ ಹತ್ತಿರ ಬಂತೆಂದರೆ ಅರಳಿಕಟ್ಟೆಯ ಮೇಲೆ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮೂರಲ್ಲಿ ಅವರನ್ನು ಸರ್ವೆ ಮಾವ ಅನ್ನುತ್ತೇವೆ. ಟಿ.ವಿ.ಯವರು, ಪಕ್ಷದವರು, ಟಿಕೆಟ್ ಆಕಾಂಕ್ಷಿಗಳು ಯಾರೇ ಸಮೀಕ್ಷೆಗೆ ಹುಡುಗರನ್ನು ಅಟ್ಟಲಿ, ಆ ಹುಡುಗರು ಬಂದು ಬೀಳುವುದು ಮಾವನ ಮುಂದೆಯೇ. ಹುಡುಗರ ಕೈಯಲ್ಲಿ ಮತದಾರರ ಪಟ್ಟಿಯಿಂದ ಲೆಕ್ಕಾಚಾರ ಹಾಕಿ ಆರಿಸಿದ ಹೆಸರುಗಳಿರುತ್ತವೆ, ನಿಜ. ಆದರೆ ಆ ಹೆಸರಿನವರಲ್ಲಿ ಅರ್ಧ ಮಂದಿ ಪೀಣ್ಯದ ಫ್ಯಾಕ್ಟರಿಯಲ್ಲಿ, ಮಿಕ್ಕವರು ತೋಟದಲ್ಲಿ, ಒಬ್ಬಿಬ್ಬರು ಶಿವನ ಪಾದದಲ್ಲಿ. ಬಿಸಿಲಲ್ಲಿ ಅಲೆದು ಸೋತ ಹುಡುಗನಿಗೆ ನೆರಳು, ನೀರು, ಅಭಿಪ್ರಾಯ ಮೂರೂ ಒಟ್ಟಿಗೆ ಸಿಗುವ ಜಾಗ ಊರಲ್ಲಿ ಒಂದೇ.

"ಪಟ್ಟೀಲಿರೋನು ನಮ್ಮ ದಾಯಾದೀನೇ ಕಣಪ್ಪ. ಅವನ ಮನಸ್ಸಲ್ಲಿ ಏನೈತೆ ಅಂತ ಅವನಿಗಿಂತ ನಂಗೇ ಚೆನ್ನಾಗಿ ಗೊತ್ತು. ಬರ್ಕೋ."

ಬರೆದುಕೊಳ್ಳುವ ಮೊದಲು ಮಾವ ತಮ್ಮ ಸರ್ವೆ ಮುಗಿಸುತ್ತಾರೆ. ಯಾವೂರು? ಯಾರ ಪೈಕಿ? ದಿನಕ್ಕೆಷ್ಟು ಕೊಡ್ತಾರೆ? ಊಟ ಅವರದಾ, ನಿಂದಾ? ಬಂದ ಗಾಡಿ ಯಾರದು? ಇಷ್ಟಕ್ಕೇ ಹುಡುಗನನ್ನು ಕಳಿಸಿದವರು ಯಾರು, ಅವರಿಗೆ ಯಾವ ಉತ್ತರ ಹಿತ ಎಂಬುದು ಮಾವನಿಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಕೈಗೆ ಕೈ, ಕಮಲಕ್ಕೆ ಕಮಲ, ತೆನೆಗೆ ತೆನೆ. ಇದನ್ನು ಸುಳ್ಳು ಅಂದರೆ ಅವರಿಗೆ ಸಿಟ್ಟು ಬರುತ್ತದೆ. ಅಷ್ಟು ದೂರದಿಂದ ಬಂದವರನ್ನು ಬರಿಗೈಲಿ ಕಳಿಸಬಾರದು ಎಂಬುದು ಅವರ ಮನೆತನದ ಪದ್ಧತಿ. ನನಗೆ ಮಾತ್ರ ರಾಜ್ಯದ ಸಮೀಕ್ಷೆಗಳ ಅರ್ಧ ಕಷ್ಟಕ್ಕೆ ಈ ಉಪಚಾರವೇ ಮೂಲ ಅನ್ನಿಸಿದೆ.

ಹೀಗಾಗಿ ಅವರ ಭವಿಷ್ಯ ಎಂದೂ ಸುಳ್ಳಾಗಿಲ್ಲ. 2018ರಲ್ಲಿ ಯಾರಿಗೂ ಬಹುಮತ ಬರದೆ ಬಿಜೆಪಿ 104ಕ್ಕೆ ನಿಂತಾಗ, "ಅತಂತ್ರ ಅಂತ ಹೇಳಿರಲಿಲ್ವಾ?" ಎಂದರು. 2023ರ ಮೇ 13ರಂದು ಕಾಂಗ್ರೆಸ್ 135 ಗೆದ್ದಾಗಲೂ "ಹೇಳಿರಲಿಲ್ವಾ?" ಹೇಳಿದ್ದರು. ಎಲ್ಲವನ್ನೂ ಹೇಳಿದ್ದರು, ಬೇರೆ ಬೇರೆಯವರಿಗೆ. ಸರಿಹೋದದ್ದನ್ನು ಯಾರ ಹತ್ತಿರ ಹೇಳಿದ್ದರೋ ಅವನನ್ನೇ ಸಾಕ್ಷಿಗೆ ಕರೆಯುತ್ತಾರೆ, ಅಷ್ಟೆ.

ಅವರ ನಿಜವಾದ ಹೆಮ್ಮೆ 1985. ಹಿಂದಿನ ಡಿಸೆಂಬರಿನ ಲೋಕಸಭೆಗೆ ಕರ್ನಾಟಕ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟಿತ್ತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದರು. ಮಾರ್ಚಿನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಅದನ್ನೆಲ್ಲ ಮಾವ ಒಬ್ಬರೇ ನಿಂತು ಮಾಡಿಸಿದ ಹಾಗೆ ಹೇಳುತ್ತಾರೆ. "ಡೆಲ್ಲಿ ಬೇರೆ, ವಿಧಾನಸೌಧ ಬೇರೆ ಕಣಯ್ಯ. ಗ್ರಾಮ ಪಂಚಾಯ್ತೀಲಂತೂ ಪಕ್ಷದ ಗುರುತೇ ಇಲ್ಲ, ಅಲ್ಲಿ ಬರೀ ನೆಂಟಸ್ತಿಕೆ." 2023ರಲ್ಲಿ ಕಾಂಗ್ರೆಸ್ಸಿಗೆ 135 ಕೊಟ್ಟ ರಾಜ್ಯ ಮರುವರ್ಷ ಲೋಕಸಭೆಗೆ ಬಿಜೆಪಿ-ಜೆಡಿಎಸ್ ಜೋಡಿಗೆ 19 ಕೊಟ್ಟಾಗ ಟಿ.ವಿ.ಯಲ್ಲಿ ಪಂಡಿತರು ರಾತ್ರಿಯಿಡೀ ತಲೆ ಕೆರೆದುಕೊಂಡರು. ಮಾವ ಒಂಬತ್ತಕ್ಕೇ ಮಲಗಿದ್ದರು.

ಕಾನೂನನ್ನೂ ಅವರು ತಮಗೆ ಬೇಕಾದ ಅಳತೆಗೆ ಹೊಲಿಸಿಕೊಂಡಿದ್ದಾರೆ. 2023ರ ಮೇ 10ರಂದು ಮತಗಟ್ಟೆಯ ಹೊರಗೆ ಒಬ್ಬ ಹುಡುಗ ಯಾರಿಗೆ ಹಾಕಿದಿರಿ ಎಂದು ಕೇಳಿದ. "ಸಾಯಂಕಾಲ ಆರೂವರೆ ತಂಕ ಬಾಯಿ ಬಿಟ್ರೆ ಎರಡು ವರ್ಷ ಜೈಲು, ಗೊತ್ತಾ?" ಎಂದು ಗದರಿದರು. ಆ ನಿರ್ಬಂಧ ಮತಗಟ್ಟೆ ಸಮೀಕ್ಷೆ ಮಾಡಿ ಪ್ರಕಟಿಸುವವರಿಗೆ, ಮಾವನ ಬಾಯಿಗಲ್ಲ. ಹುಡುಗನಿಗೆ ಅದು ತಿಳಿದಿತ್ತೋ ಇಲ್ಲವೋ, ಹೆದರಿ ಹೋದ. ಅವನನ್ನು ಕಳಿಸಿದವರು ಯಾರೆಂದು ಮಾವನಿಗೆ ಗೊತ್ತಾಗಿರಲಿಲ್ಲ ಎಂಬುದು ನನ್ನ ಗುಮಾನಿ.

ಗೊತ್ತಾಗದಿದ್ದರೆ ಅವರಿಗೆ ಆಗುವುದಿಲ್ಲ. ಫೋನಿನಲ್ಲಿ ಬರುವ ಧ್ವನಿಮುದ್ರಿತ ಸಮೀಕ್ಷೆಯೆಂದರೆ ಕಡುವೈರ. "ಒಂದನ್ನು ಒತ್ತಿ" ಎನ್ನುವ ಹೆಂಗಸಿಗೆ ಇವರು "ಯಾವೂರವ್ವ ನಿಂದು?" ಎನ್ನುತ್ತಾರೆ. ಅವಳು "ಎರಡನ್ನು ಒತ್ತಿ" ಎನ್ನುತ್ತಾಳೆ. ಇದೆಂಥ ಹೆಣ್ಣು ಎಂದು ಫೋನ್ ಇಡುತ್ತಾರೆ.

ಜಿಲ್ಲಾ ಪಂಚಾಯಿತಿಯ ಸರ್ವೆ ಅವರಿಗೆ ಹಬ್ಬ. 2016ರಲ್ಲಿ ಗೆದ್ದವರ ಅವಧಿ 2021ಕ್ಕೇ ಮುಗಿದು, ಚುನಾವಣೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಆಕಾಂಕ್ಷಿಗಳು ಮಾತ್ರ ಸರ್ವೆ ಬಿಡಲಿಲ್ಲ. "ನಾಳೆಯೇ ಚುನಾವಣೆ ನಡೆದರೆ ನಿಮ್ಮ ಮತ ಯಾರಿಗೆ, ಯಜಮಾನ್ರೇ?" ಎಂದು ಹುಡುಗ ಟ್ಯಾಬ್ ನೋಡಿ ಓದಿದ. "ನಾಳೆ ನಡೀತದಾ?" ಎಂದರು ಮಾವ. ಅವನ ಟ್ಯಾಬಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೊನೆಗೆ ನಾಲ್ವರು ಆಕಾಂಕ್ಷಿಗಳಿಗೂ ಊರಲ್ಲಿ ತಾವೇ ಮುಂದೆ ಎಂಬ ವರದಿ ಹೋಯಿತು. ನಾಲ್ವರೂ ಬಾಡೂಟ ಹಾಕಿಸಿದರು. ಮಾವ ನಾಲ್ಕಕ್ಕೂ ಹೋಗಿ ಬಂದರು.

ಒಬ್ಬಳು ಹುಡುಗಿ ಮಾತ್ರ ಅವರನ್ನು ಪೇಚಿಗೆ ಸಿಕ್ಕಿಸಿದಳು. ದೆಹಲಿಯ ಲೋಕನೀತಿಯವರು ಬಹುಕಾಲದಿಂದ ನಡೆಸಿಕೊಂಡು ಬಂದ ಕ್ರಮವೊಂದಿದೆ: ಬಾಯಲ್ಲಿ ಕೇಳದೆ ಅಣಕು ಮತಪತ್ರ ಕೊಟ್ಟು ಡಬ್ಬಿಗೆ ಹಾಕಿಸುವುದು. ಈಕೆಯೂ ಅಂಥದೇ ಡಬ್ಬಿ ಹಿಡಿದು ಮನೆಗೇ ಬಂದಳು. ಚೀಟಿ ಕೈಗೆ ಕೊಟ್ಟು ಅತ್ತ ತಿರುಗಿ ನಿಂತಳು. ಮುಖ ಕಾಣದೆ ಮಾವ ಒದ್ದಾಡಿದರು. "ನೀನೇ ಹಾಕ್ಕೊಳವ್ವ" ಎಂದರು. ಆಗಲ್ಲ ತಾತ ಎಂದಳು. ಮುಗಿದ ಮೇಲೆ, ಇಷ್ಟು ವರ್ಷಗಳಲ್ಲಿ ಯಾರೂ ಮಾಡದಿದ್ದ ಕೆಲಸ ಮಾಡಿದಳು: ಅತ್ತೆಯನ್ನು ಒಳಗಿನಿಂದ ಕರೆದಳು. "ಅವಳಿಗೇನು ಗೊತ್ತು, ನಮ್ಮನೇಲಿ ಎಲ್ಲಾ ನಾನು ಹೇಳಿದ್ಕೇ" ಎಂದು ಮಾವ ಹೇಳುವಷ್ಟರಲ್ಲಿ ಅತ್ತೆ ಸೆರಗಲ್ಲಿ ಕೈ ಒರೆಸಿಕೊಂಡು, ಗುರುತು ಹಾಕಿ, ನಾಲ್ಕು ಮಡಿಕೆ ಮಡಿಸಿ ಡಬ್ಬಿಗೆ ಹಾಕಿಯೂ ಆಗಿತ್ತು.

ಹುಡುಗಿ ಹೋದ ಮೇಲೆ ಮಾವ ತಡೆಯಲಾರದೆ ಕೇಳಿದರು: "ಯಾವುದಕ್ಕೆ ಹಾಕ್ದೆ?"

"ನಿಮ್ಗೆ ಯಾವುದು ಇಷ್ಟಾನೋ ಅದಕ್ಕೇ ಅಂದ್ಕೊಳಿ" ಎಂದು ಅತ್ತೆ ಕಾಫಿ ಲೋಟ ಅವರ ಮುಂದಿಟ್ಟು ಒಳಗೆ ಹೋದರು.