ಹೌಸಿಂಗ್ ಹುಡುಕುವ ಭಾವ

ಭಾವನ ಮನೆಯಲ್ಲಿ ಊಟಕ್ಕೆ ಕೂತರೆ ಎಲೆಗೆ ಅನ್ನ ಬೀಳುವ ಮೊದಲೇ ಆಕ್ಸಲ್ ಮಾತು ಬೀಳುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಇಂಥವರು ಊರಿಗೊಬ್ಬರಾದರೂ ಇದ್ದಾರೆ. ಪ್ಯಾಂಟಿನ ತುಂಬ ಕೆಸರು, ಜೇಬಿನಲ್ಲಿ ಸ್ಪ್ಯಾನರ್, ಫೋನಿನಲ್ಲಿ ಮಕ್ಕಳ ಫೋಟೋಗಿಂತ ಗೇರ್‌ಬಾಕ್ಸಿನ ಫೋಟೋ ಹೆಚ್ಚು. ಮದುವೆಗೆ ಬಂದರೆ ಮಂಟಪಕ್ಕೆ ಹೋಗುವ ಮುಂಚೆ ಹೊರಗೆ ನಿಂತ ಜೀಪುಗಳ ಹೊಟ್ಟೆ ಬಗ್ಗಿ ನೋಡುತ್ತಾರೆ.

ನಮ್ಮ ಭಾವನದು ವಿಲ್ಲೀಸ್ ಸಿಜೆ-3ಬಿ ವಂಶದ ಹಳೆಯ ಮಹೀಂದ್ರ ಜೀಪು. ಹಿಂಭಾಗ ಕತ್ತರಿಸಿ ಪಿಕಪ್ ಮಾಡಿದ್ದು. ಗೊಬ್ಬರದ ಮೂಟೆ ಹೇರಿಕೊಂಡು ತೋಟದ ಏರು ಹತ್ತುವಾಗ ಹಿಂದಿನ ಆಕ್ಸಲಿನ ಹೌಸಿಂಗ್ ಬಾಗಿತು, ಒಳಗಿನ ಶಾಫ್ಟ್ ತುಂಡಾಯಿತು. ಬೇರೆಯವರಾಗಿದ್ದರೆ ಅಂಥದ್ದೇ ಇನ್ನೊಂದು ತಂದು ಹಾಕಿಸಿ ಮುಂದಿನ ಸಂತೆಗೆ ಹೋಗುತ್ತಿದ್ದರು. ಭಾವ ಒಪ್ಪಲಿಲ್ಲ. “ಮುರಿದದ್ದನ್ನೇ ಮತ್ತೆ ಹಾಕೋದಾ? ಫುಲ್ ಫ್ಲೋಟಿಂಗ್ ಹಾಕ್ಬೇಕು ಮಾರಾಯ!” ಸೆಮಿ ಫ್ಲೋಟಿಂಗಿನಲ್ಲಿ ಗಾಡಿಯ ಭಾರವನ್ನೂ ಶಾಫ್ಟೇ ಹೊರಬೇಕು, ಚಕ್ರವನ್ನೂ ಅದೇ ತಿರುಗಿಸಬೇಕು, ಮುರಿದರೆ ಚಕ್ರವೇ ಕಳಚಿ ಬರಬಹುದು. ಫುಲ್ ಫ್ಲೋಟಿಂಗಿನಲ್ಲಿ ಭಾರವೆಲ್ಲ ಹೌಸಿಂಗಿಗೆ, ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಇದನ್ನು ಭಾವ ಚಕ್ಕುಲಿ, ಲೋಟ ಜೋಡಿಸಿ ವಿವರಿಸಿದ್ದಾರೆ. ವಿವರಣೆ ಮುಗಿಯುವಷ್ಟರಲ್ಲಿ ಚಕ್ಕುಲಿ ಮೆತ್ತಗಾಗಿತ್ತು.

ಆಮೇಲೆ ಅಗಲದ ಚಿಂತೆ, ಸ್ಪ್ರಿಂಗ್ ಕೂರುವ ಜಾಗದ ಚಿಂತೆ, ಹ್ಯಾಂಡ್‌ಬ್ರೇಕ್ ಕೇಬಲಿನ ಚಿಂತೆ. ಇವೆಲ್ಲಕ್ಕಿಂತ ದೊಡ್ಡದು ರೇಷಿಯೊ. ಆಕ್ಸಲಿನೊಳಗಿನ ಕ್ರೌನ್ ಗೇರಿಗೆ 43 ಹಲ್ಲು, ಅದನ್ನು ತಿರುಗಿಸುವ ಪಿನಿಯನ್ನಿಗೆ 8, ಭಾಗಿಸಿದರೆ 5.38. ಮುಂದಿನ ಆಕ್ಸಲ್ 5.38 ಇದ್ದು ಹಿಂದಿನದು ಬೇರೆಯಾದರೆ, ಓಟದ ಎತ್ತು, ಮುದಿ ಎಮ್ಮೆ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದಂತೆ. ಫೋರ್‌ವೀಲ್ ಹಾಕಿದಾಗ ನಡುವಿನ ಟ್ರಾನ್ಸ್‌ಫರ್ ಕೇಸ್ ನರಳುತ್ತದೆ.

ಹೀಗಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದ ನನ್ನನ್ನು ಭಾವ ಒಂದು ತುಕ್ಕು ಹೌಸಿಂಗಿನ ಮುಂದೆ ಕೂರಿಸಿದರು. ಅದರ ಮೇಲೆ ಅಂಗಡಿಯವನು ಸೀಮೆಸುಣ್ಣದಲ್ಲಿ 5.38 ಎಂದು ಬರೆದಿದ್ದ. “ಸುಣ್ಣದಲ್ಲಿ ಯಾರು ಬೇಕಾದ್ರೂ ಬರೀತಾರೆ. ಆ ಕಡೆ ಹಬ್ ಅಲ್ಲಾಡದ ಹಾಗೆ ಹಿಡ್ಕೊ.” ಒಂದು ಬದಿ ಬಿಗಿಹಿಡಿದು ಇನ್ನೊಂದು ಬದಿಯನ್ನು ಎರಡು ಸುತ್ತು ತಿರುಗಿಸಿದರೆ, ಪಿನಿಯನ್ ಎಷ್ಟು ಸುತ್ತುತ್ತದೋ ಅದೇ ರೇಷಿಯೊ. ನಾನು ಹಬ್ಬನ್ನು ತಬ್ಬಿಕೊಂಡೆ. ಭಾವ ತಿರುಗಿಸಿದರು, ಅಂಗಡಿ ಹುಡುಗ ಗಟ್ಟಿಯಾಗಿ ಎಣಿಸಿದ. ಪಿನಿಯನ್ ಐದು ಸುತ್ತು ತುಂಬದೆ ನಿಂತಿತು. “ಸ್ವಲ್ಪ ಹೆಚ್ಚುಕಮ್ಮಿ ಬಿಡಿ ಸಾರ್” ಎಂದ ಅಂಗಡಿಯವನು. ಭಾವ ಕವರ್ ಬಿಚ್ಚಿಸಿ, ಬೆರಳಿಟ್ಟು ಹಲ್ಲು ಎಣಿಸಿದರು. 39, 8. ಅಂದರೆ 4.88.

“ನೋಡಿದ್ಯಾ!” ಭಾವನ ಮುಖ ಅರಳಿತು. ಮಾಲು ಸಿಕ್ಕಿದ್ದರೂ ಅಷ್ಟು ಖುಷಿಪಡುತ್ತಿರಲಿಲ್ಲ. ನನ್ನ ಅಂಗಿಯ ಗ್ರೀಸು ಇನ್ನೂ ಹೋಗಿಲ್ಲ.

ಕಾನೂನಿನ ಮಾತು ಎತ್ತಬಾರದು. ನೋಂದಣಿ ಪುಸ್ತಕದ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ ಎನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ನಾನು ನೆನಪಿಸಿದ ದಿನ ನನಗೆ ಕಾಫಿ ಸಿಗಲಿಲ್ಲ.

ಪಿಕಪ್ ಈಗಲೂ ಸೈಜುಗಲ್ಲಿನ ಮೇಲೆ ಕೂತಿದೆ, ಕೆಳಗೆ ಕೋಳಿ ಕಾವು ಕೂತಿದೆ. ಕಾಫಿ ಮೂಟೆ ಪಕ್ಕದ ತೋಟದವರ ಸಾದಾ ಗಾಡಿಯಲ್ಲಿ ಕ್ಯೂರಿಂಗಿಗೆ ಹೋಗುತ್ತದೆ. ಆದರೆ ಜಡಿಮಳೆಯ ನಡುರಾತ್ರಿ ಅದೇ ಗಾಡಿ ಹಳ್ಳದಲ್ಲಿ ಸಿಕ್ಕಿಕೊಂಡಾಗ ಫೋನ್ ಬರುವುದು ಭಾವನಿಗೇ. ಜಾಕು, ಹಗ್ಗ ಹೊತ್ತು ನಡೆದೇ ಹೋಗುತ್ತಾರೆ. ಶಬ್ದ ಕೇಳಿಯೇ ಯಾವ ಬೇರಿಂಗ್ ಎಂದು ಹೇಳುತ್ತಾರೆ, ದುಡ್ಡು ಮುಟ್ಟುವುದಿಲ್ಲ. ತಮ್ಮದೊಂದನ್ನು ಬಿಟ್ಟು ಊರಿನ ಗಾಡಿಗಳೆಲ್ಲ ಅವರಿಂದ ಓಡುತ್ತಿವೆ. ಹೌಸಿಂಗ್ ಸಿಕ್ಕಿಬಿಟ್ಟರೆ ಈ ಮನುಷ್ಯ ಊಟಕ್ಕೆ ಕೂತು ಏನು ಮಾತಾಡಿಯಾರು ಎಂಬ ಅಂಜಿಕೆ ನನಗೂ ಒಮ್ಮೊಮ್ಮೆ ಬರುತ್ತದೆ.

ಆದರೂ ಓದುಗರಲ್ಲಿ ಯಾರ ಬಳಿಯಾದರೂ 43ಕ್ಕೆ 8 ಹಲ್ಲಿನ ಹಿಂದಿನ ಹೌಸಿಂಗ್ ಇದ್ದರೆ ದಯವಿಟ್ಟು ತಿಳಿಸಿ. ಭಾವನಿಗಲ್ಲ, ಅಕ್ಕನಿಗೆ.